ವೆಬ್‌ಸೈಟಿನಲ್ಲಿ ಇಮೇಲ್ ವಿಳಾಸ: ಬಚ್ಚಿಡಬೇಕಾ, ಬದಲಾಯಿಸುತ್ತಿರಬೇಕಾ?

ಪ್ರಶ್ನೆ: ನಮ್ಮದು ಸಣ್ಣ ಸಂಸ್ಥೆ. ಅದರ ವೆಬ್‌ಸೈಟನ್ನು ನಾನೇ ನೋಡಿಕೊಳ್ಳುತ್ತೇನೆ, ಆದರೆ ನಾನು ಪ್ರೋಗ್ರಾಮರ್ ಅಲ್ಲ. 'ಸಂಪರ್ಕಿಸಿ' ಪುಟದಲ್ಲಿ ನಮ್ಮ ಆರು ಜನರ ಇಮೇಲ್ ವಿಳಾಸಗಳಿವೆ. ಕೆಲವು ತಿಂಗಳಿಂದ ಎಲ್ಲರಿಗೂ ಸ್ಪ್ಯಾಮ್ ಸುರಿಯುತ್ತಿದೆ. @ ಬದಲು 'ಅಟ್' ಅಂತ ಬರೆಯಿರಿ ಎಂದು ಒಬ್ಬರು ಹೇಳುತ್ತಾರೆ. ವಿಳಾಸವನ್ನು ಚಿತ್ರ ಮಾಡಿ ಹಾಕಿ ಎಂದು ಇನ್ನೊಬ್ಬರು. ವಿಳಾಸವೇ ಬೇಡ, ಫಾರ್ಮ್ ಸಾಕು ಎಂದು ಮತ್ತೊಬ್ಬರು. ಯಾವುದು ಸರಿ? ಈಗಾಗಲೇ ಹೊರಗೆ ಹೋಗಿರುವ ವಿಳಾಸಗಳನ್ನು ಉಳಿಸಿಕೊಳ್ಳುವ ದಾರಿ ಇದೆಯಾ?

ಉತ್ತರ: ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉತ್ತರ ಕಹಿ, ಮೊದಲೇ ಹೇಳಿಬಿಡುವುದು ಒಳ್ಳೆಯದು. ಒಮ್ಮೆ ಸ್ಪ್ಯಾಮ್ ಪಟ್ಟಿಗೆ ಸೇರಿದ ವಿಳಾಸವನ್ನು ಅಲ್ಲಿಂದ ತೆಗೆಸಲು ಆಗುವುದಿಲ್ಲ. ಆ ಪಟ್ಟಿ ಯಾರೋ ಒಬ್ಬರ ಹತ್ತಿರ ಇರುವಂಥದ್ದಲ್ಲ. ಒಬ್ಬ ಇನ್ನೊಬ್ಬನಿಗೆ ಮಾರುತ್ತಾನೆ, ಅವನು ಮತ್ತೆ ಹತ್ತು ಜನಕ್ಕೆ. ಇವತ್ತು ನೀವು ಪುಟದಿಂದ ವಿಳಾಸ ಅಳಿಸಿದರೂ ಹಳೆಯ ಪುಟದ ಪ್ರತಿ ಇಂಟರ್ನೆಟ್ ಆರ್ಕೈವ್‌ನಂಥ ಕಡೆ ಉಳಿದಿರಬಹುದು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಹಾಗಂತ ಆ ಆರೂ ವಿಳಾಸಗಳನ್ನು ಬಿಸಾಡಬೇಕಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕಳ್ಳ ಹೇಗೆ ಕೆಲಸ ಮಾಡುತ್ತಾನೆ ನೋಡೋಣ. ವಿಳಾಸ ಕದಿಯುವ ಪ್ರೋಗ್ರಾಮಿಗೆ ಹಾರ್ವೆಸ್ಟರ್ ಅಂತ ಹೆಸರು. ತೆನೆ ಕೊಯ್ದ ಹಾಗೆ ಪುಟದಿಂದ ಪುಟಕ್ಕೆ ಹೋಗಿ ವಿಳಾಸ ಕೊಯ್ಯುತ್ತದೆ. ನಿಮ್ಮ ಕಣ್ಣಿಗೆ ಕಾಣುವ ಪುಟ ಅದಕ್ಕೆ ಬೇಕಿಲ್ಲ, ಅದರ ಹಿಂದಿರುವ ಎಚ್‌ಟಿಎಂಎಲ್, ಅಂದರೆ ಪುಟವನ್ನು ಬರೆದ ಕೋಡ್, ಸಾಕು. ಅದರಲ್ಲಿ @ ಹುಡುಕುತ್ತದೆ. ಎಡಕ್ಕೆ ಒಂದಷ್ಟು ಅಕ್ಷರ, ಬಲಕ್ಕೆ ಒಂದಷ್ಟು ಅಕ್ಷರ, ಆಮೇಲೆ ಒಂದು ಚುಕ್ಕೆ, ಮತ್ತೆ ಎರಡು ಮೂರು ಅಕ್ಷರ. ಈ ಆಕಾರ ಸಿಕ್ಕಿದರೆ ಅದು ವಿಳಾಸ. 'ಮೇಲ್‌ಟು' ಎಂದು ಶುರುವಾಗುವ ಲಿಂಕ್ ಸಿಕ್ಕಿದರಂತೂ ಹುಡುಕುವ ಕೆಲಸವೂ ಇಲ್ಲ. ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ, ಅದೇ ಇದರ ಬಲ. ಒಂದು ಪುಟಕ್ಕೆ ಸೆಕೆಂಡಿನ ಸಣ್ಣ ಚೂರು ಸಾಕು. ಹಾಗಾಗಿ ಲಕ್ಷಗಟ್ಟಲೆ ಪುಟ ತಡಕಾಡಿದರೂ ಅವನಿಗೆ ಖರ್ಚಿಲ್ಲ.

ಈ ಖರ್ಚಿನ ಲೆಕ್ಕ ನೆನಪಿಡಿ. ಮುಂದೆ ಹೇಳುವುದೆಲ್ಲ ಅದರ ಮೇಲೆ ನಿಂತಿದೆ. ನಿಮ್ಮೊಬ್ಬರ ಪುಟಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಸ್ವಲ್ಪ ಜಾಸ್ತಿ ಕೆಲಸ ಕೊಟ್ಟರೆ ಬಾಟ್ (ತಾನಾಗಿ ಓಡುವ ಇಂಥ ಪ್ರೋಗ್ರಾಮ್) ಮುಂದಿನ ಪುಟಕ್ಕೆ ಹೋಗುತ್ತದೆ.

ರೋಬಾಟ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತ ಇಟ್ಟು ತಡೆಯಬಹುದಲ್ವಾ ಅಂತ ಕೆಲವರು ಕೇಳುತ್ತಾರೆ. ಅದು 1994ರಿಂದ ನಡೆದುಬಂದ ಒಂದು ಒಪ್ಪಂದ, ಬೀಗ ಅಲ್ಲ. ಸರ್ಚ್ ಎಂಜಿನ್‌ಗಳು ಅದಕ್ಕೆ ಬೆಲೆ ಕೊಡುತ್ತವೆ, ಕಳ್ಳರು ಕೊಡುವುದಿಲ್ಲ. 'ಈ ಪುಟಕ್ಕೆ ಬರಬೇಡಿ' ಅಂತ ಅದರಲ್ಲಿ ಸಂಪರ್ಕ ಪುಟದ ಹೆಸರು ಬರೆದರೆ, ಎಲ್ಲಿ ಹುಡುಕಬೇಕು ಎಂದು ನೀವೇ ಹೇಳಿಕೊಟ್ಟ ಹಾಗೆ.

ಈಗ ನಿಮಗೆ ಸಿಕ್ಕ ಸಲಹೆಗಳು. ಇವನ್ನು ಜನ ಪರೀಕ್ಷೆ ಮಾಡಿ ನೋಡಿದ್ದಾರೆ. ಅಮೆರಿಕದ ಸೆಂಟರ್ ಫಾರ್ ಡೆಮಾಕ್ರಸಿ ಅಂಡ್ ಟೆಕ್ನಾಲಜಿ ಎಂಬ ಸಂಸ್ಥೆ ತನ್ನ ಪರೀಕ್ಷೆಯ ವರದಿಯನ್ನು 2003ರಲ್ಲಿ ಹೊರತಂದಿತು. ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಹೊಸ ವಿಳಾಸ ಕೊಟ್ಟು, ಆರು ತಿಂಗಳು ಕಾದು, ಯಾವುದಕ್ಕೆ ಎಷ್ಟು ಸ್ಪ್ಯಾಮ್ ಬಂತು ಎಂದು ಎಣಿಸಿದ್ದರು. ವೆಬ್ ಪುಟದಲ್ಲಿ ಏನೂ ಮರೆಮಾಡದೆ ಬರೆದಿದ್ದ ವಿಳಾಸಗಳಿಗೇ ಹೆಚ್ಚು ಬಂದಿತ್ತು. 'ಅಟ್', 'ಡಾಟ್' ಎಂದು ಬರೆದವಕ್ಕೆ, ಅಕ್ಷರಗಳನ್ನು ಎಚ್‌ಟಿಎಂಎಲ್ ಸಂಕೇತ ಮಾಡಿ ಬರೆದವಕ್ಕೆ ಒಂದೂ ಬಂದಿರಲಿಲ್ಲ. ಸಂಕೇತ ಎಂದರೆ @ ಬದಲು @ ಎಂದು ಬರೆಯುವುದು. ಬ್ರೌಸರ್ ಅದನ್ನು ಮತ್ತೆ @ ಮಾಡಿ ತೋರಿಸುತ್ತದೆ.

ಐದು ವರ್ಷ ಬಿಟ್ಟು 2008ರಲ್ಲಿ ಒಬ್ಬ ಡೆವಲಪರ್ ಒಂಬತ್ತು ವಿಧಾನಗಳನ್ನು ಒಂದೂವರೆ ವರ್ಷ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದರು. ಏನೂ ಮರೆಮಾಡದೆ ಬರೆದ ವಿಳಾಸಕ್ಕೆ 21 ಎಂಬಿ ಸ್ಪ್ಯಾಮ್. @ ಮತ್ತು ಚುಕ್ಕೆಯನ್ನು ಮಾತ್ರ ಸಂಕೇತ ಮಾಡಿದ್ದಕ್ಕೆ 1.6 ಎಂಬಿ. ಜಾವಾಸ್ಕ್ರಿಪ್ಟ್‌ನಿಂದ (ಪುಟದ ಜೊತೆ ಬಂದು ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಮ್) ಕಟ್ಟಿದ್ದಕ್ಕೆ 0.144, 'ಅಟ್' ಎಂದು ಬರೆದದ್ದಕ್ಕೆ 0.084. ಒಂದೊಂದು ವಿಧಾನಕ್ಕೆ ಒಂದೊಂದೇ ವಿಳಾಸ ಆದ್ದರಿಂದ 0.144 ದೊಡ್ಡದೋ 0.084 ದೊಡ್ಡದೋ ಎಂದು ಜಗಳ ಆಡುವುದು ಬೇಡ. ನೋಡಬೇಕಾದದ್ದು ಬೇರೆ. 2003ರಲ್ಲಿ ಸೊನ್ನೆ ಇದ್ದ ಸಂಕೇತದ ಉಪಾಯ 2008ಕ್ಕೆ ಸೋರುತ್ತಿತ್ತು. ನೀವು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುತ್ತಾರೆ.

ಅಲ್ಲಿಂದ ಈಚೆಗೆ ಕಳ್ಳರ ಕೈಗೆ ಇನ್ನೂ ಒಳ್ಳೆಯ ಸಲಕರಣೆ ಬಂದಿದೆ. ಪರದೆ ಇಲ್ಲದೆ ಓಡುವ ಪೂರ್ತಿ ಬ್ರೌಸರ್‌ಗಳಿವೆ. ಅವು ಜಾವಾಸ್ಕ್ರಿಪ್ಟ್ ಓಡಿಸಿ ನಿಮಗೆ ಕಂಡದ್ದನ್ನೇ ನೋಡುತ್ತವೆ. 'ಅಟ್' ಎಂಬುದನ್ನು @ ಮಾಡಲು ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದರೆ ಆಯಿತು. 'ನಮ್ಮ ಹೆಸರಿನ ಮುಂದೆ ಆ ಸುತ್ತು ಹಾಕಿ' ಅಂತ ಒಗಟಿನ ಹಾಗೆ ಬರೆದರೂ ಇವತ್ತಿನ ಎಐ ಮಾದರಿಗಳು ಬಿಡಿಸುತ್ತವೆ. ಆದರೆ ಇದಕ್ಕೆಲ್ಲ ಪುಟವೊಂದಕ್ಕೆ ಖರ್ಚು ಜಾಸ್ತಿ. ಅದಕ್ಕೇ ಹಳೆಯ ಉಪಾಯಗಳು ಇನ್ನೂ ಅಷ್ಟೋ ಇಷ್ಟೋ ಕೆಲಸ ಮಾಡುತ್ತವೆ.

ಹಾಗಾದರೆ 'ಅಟ್' ಅಂತ ಬರೆಯೋಣವೇ? ನನಗೆ ಇಷ್ಟ ಇಲ್ಲ. ಬಾಟ್‌ಗೆ ಒಂದು ಸಾಲಿನ ಕೆಲಸ, ಮನುಷ್ಯರಿಗೆ ಪ್ರತಿ ಸಲದ ತೊಂದರೆ. ಫೋನಿನಲ್ಲಿ ವಿಳಾಸ ಒತ್ತಿದರೆ ಮೇಲ್ ತೆರೆಯುವುದಿಲ್ಲ. ನಕಲು ಮಾಡಿ ಅಂಟಿಸಿ, ಅಳಿಸಿ, ಮತ್ತೆ ಟೈಪ್ ಮಾಡಬೇಕು. ನಡುವೆ ಒಂದು ಖಾಲಿ ಜಾಗ ಉಳಿದರೆ ಮೇಲ್ ಹೋಗುವುದಿಲ್ಲ.

ಚಿತ್ರದ ಸಲಹೆಯನ್ನಂತೂ ಖಂಡಿತ ಬೇಡ ಅನ್ನುತ್ತೇನೆ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಇಟ್ಟುಕೊಂಡು ಓದುತ್ತಾರೆ. ಅವರಿಗೆ ಚಿತ್ರದೊಳಗಿನ ಅಕ್ಷರ ಕೇಳಿಸುವುದಿಲ್ಲ. ಅವರಿಗಾಗಿ ಚಿತ್ರದ ಜೊತೆ ಬದಲಿ ಪಠ್ಯ ಬರೆದರೆ ಬಾಟ್ ಅದನ್ನೇ ಓದಿಕೊಳ್ಳುತ್ತದೆ. ಚಿತ್ರದಿಂದ ಅಕ್ಷರ ಓದುವ ಪ್ರೋಗ್ರಾಮ್‌ಗಳೂ ಈಗ ಸುಲಭವಾಗಿ ಸಿಗುತ್ತವೆ. ಅಂದರೆ ಕಳ್ಳನಿಗೆ ದಾರಿ ಇದೆ, ಕಣ್ಣು ಕಾಣದವರಿಗೆ ಇಲ್ಲ.

2008ರ ಪರೀಕ್ಷೆಯಲ್ಲಿ ಪೂರ್ತಿ ಸೊನ್ನೆ ಬಂದದ್ದರಲ್ಲಿ ಒಂದು ತಮಾಷೆಯ ಉಪಾಯ ಇತ್ತು. ವಿಳಾಸವನ್ನು ಎಚ್‌ಟಿಎಂಎಲ್‌ನಲ್ಲಿ ಹಿಂದುಮುಂದಾಗಿ ಬರೆದು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಿಂದ ಬಲದಿಂದ ಎಡಕ್ಕೆ ತಿರುಗಿಸಿ ತೋರಿಸುವುದು. ಕಣ್ಣಿಗೆ ಸರಿಯಾಗಿ ಕಾಣುತ್ತದೆ. ನಕಲು ಮಾಡಿ ಅಂಟಿಸಿದರೆ ತಲೆಕೆಳಗಾಗಿ ಬರುತ್ತದೆ. ಸ್ಪ್ಯಾಮರ್‌ಗೂ ಸಿಗಲಿಲ್ಲ, ನಿಮಗೆ ಬರೆಯಬೇಕೆಂದು ಬಂದವರಿಗೂ ಸಿಗಲಿಲ್ಲ. ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಮರೆಮಾಡಲೇಬೇಕು ಅನ್ನಿಸಿದರೆ ನಾನು ಒಪ್ಪುವ ವಿಧಾನ ಒಂದೇ. ವಿಳಾಸದ ಎರಡು ತುಂಡುಗಳನ್ನು ಪುಟದಲ್ಲಿ ಬೇರೆ ಬೇರೆ ಇಡಿ. 'ಇಮೇಲ್ ವಿಳಾಸ ತೋರಿಸಿ' ಎಂಬ ಬಟನ್ ಒತ್ತಿದಾಗ ಮಾತ್ರ ಜಾವಾಸ್ಕ್ರಿಪ್ಟ್ ಅವನ್ನು ಜೋಡಿಸಲಿ. ಪುಟ ತೆರೆದು ನೋಡಿ ಹೋಗುವ ಬಾಟ್ ಸಾಮಾನ್ಯವಾಗಿ ಬಟನ್ ಒತ್ತುವುದಿಲ್ಲ. ಜೋಡಿಸಿದ ಮೇಲೆ ಅದು ನಿಜವಾದ ಲಿಂಕ್ ಆಗಿರಬೇಕು, ನಕಲು ಮಾಡಲು ಬರಬೇಕು, ಮೌಸ್ ಇಲ್ಲದೆ ಕೀಬೋರ್ಡಿನಿಂದಲೂ ಒತ್ತಲು ಆಗಬೇಕು. ನಿಮ್ಮದು ವರ್ಡ್‌ಪ್ರೆಸ್ ಆಗಿದ್ದರೆ 'ಆಂಟಿಸ್ಪ್ಯಾಮ್‌ಬಾಟ್' ಎಂಬ ಫಂಕ್ಷನ್ ಅದರಲ್ಲೇ ಇದೆ. ಅದು ಮಾಡುವುದು ಮೇಲೆ ಹೇಳಿದ ಸಂಕೇತದ ಕೆಲಸವನ್ನೇ, ಅಷ್ಟಕ್ಕಷ್ಟೆ. ಸೈಟಿನ ಮುಂದೆ ನಿಂತು ಕಾಯುವ ಕ್ಲೌಡ್‌ಫ್ಲೇರ್ ಎಂಬ ಸೇವೆಯ ಹಿಂದೆ ನಿಮ್ಮ ಸೈಟ್ ಇದ್ದರೆ ಅಲ್ಲೂ ಒಂದು ಸ್ವಿಚ್ ಇದೆ. ಅದು ಪ್ರತಿ ಅಕ್ಷರವನ್ನೂ ಒಂದು ಸಣ್ಣ ಕೀಲಿಯಿಂದ ಕಲಸಿಡುತ್ತದೆ. ಆ ಕೀಲಿ ಇರುವುದು ಕಲಸಿದ ಸಾಲಿನ ಮೊದಲ ಎರಡು ಅಂಕೆಗಳಲ್ಲೇ! ಬಿಡಿಸಲು ನಾಲ್ಕೈದು ಸಾಲಿನ ಪ್ರೋಗ್ರಾಮ್ ಸಾಕು. ಆದರೂ ಪುಕ್ಕಟೆ ಸಿಗುತ್ತದೆ, ಹಾಕಿಕೊಳ್ಳಿ.

ಫಾರ್ಮ್ ವಿಷಯ ಸ್ವಲ್ಪ ಉದ್ದ, ಯಾಕೆಂದರೆ ಜನ ಇದನ್ನು ರಾಮಬಾಣ ಅಂದುಕೊಳ್ಳುತ್ತಾರೆ. ಫಾರ್ಮ್ ಹಾಕಿದರೆ ವಿಳಾಸ ಕದಿಯಲು ಆಗುವುದಿಲ್ಲ, ನಿಜ. ಆದರೆ ಫಾರ್ಮ್ ತುಂಬುವ ಬಾಟ್‌ಗಳು ಬೇರೆಯೇ ಇವೆ. ಸಮಸ್ಯೆ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿಗೆ ಹೋಗುತ್ತದೆ ಅಷ್ಟೆ. ಮೊದಲ ಕಾಲದ ಫಾರ್ಮ್‌ಗಳ ಕಥೆ ಇನ್ನೂ ಮಜವಾಗಿದೆ. 1995ರಲ್ಲಿ ಬಂದ ಫಾರ್ಮ್‌ಮೇಲ್ ಎಂಬ ಸ್ಕ್ರಿಪ್ಟ್ ಎಲ್ಲ ಕಡೆ ಬಳಕೆಯಾಯಿತು. ಸಂದೇಶ ಯಾರಿಗೆ ಹೋಗಬೇಕು ಎಂಬ ವಿಳಾಸ ಫಾರ್ಮ್‌ನೊಳಗೇ ಮರೆಯಾಗಿ ಇರುತ್ತಿತ್ತು. ಸ್ಪ್ಯಾಮರ್‌ಗಳು ಆ ಜಾಗದಲ್ಲಿ ತಮಗೆ ಬೇಕಾದವರ ವಿಳಾಸ ಹಾಕಿ, ಬೇರೆಯವರ ಸರ್ವರ್‌ನಿಂದ ಸ್ಪ್ಯಾಮ್ ಕಳುಹಿಸಿದರು. ಹಾಗಾಗಿ ಮೊದಲ ನಿಯಮ: ಸಂದೇಶ ಸೇರಬೇಕಾದ ವಿಳಾಸ ಸರ್ವರ್‌ನಲ್ಲಿ ಇರಲಿ, ಪುಟದ ಒಳಗೆ ಎಲ್ಲೂ ಬೇಡ. ಬರೆದವರಿಗೆ ಅವರ ಸಂದೇಶದ ಪ್ರತಿಯನ್ನು ತಾನಾಗಿ ಕಳುಹಿಸುವ ಸೌಲಭ್ಯ ಇದ್ದರೆ ಅದನ್ನೂ ತೆಗೆಯಿರಿ. ಬಾಟ್ ಯಾರದೋ ವಿಳಾಸ ತುಂಬಿ, ಸಂದೇಶದ ಜಾಗದಲ್ಲಿ ಜಾಹೀರಾತು ಹಾಕುತ್ತದೆ. ನಿಮ್ಮ ಸರ್ವರ್ ಅದನ್ನು ನಿಮ್ಮ ಹೆಸರಿನಲ್ಲೇ ಆ ಬಡಪಾಯಿಗೆ ಕಳುಹಿಸುತ್ತದೆ.

ಬಾಟ್ ತಡೆಯಲು ಕ್ಯಾಪ್ಚಾಗಿಂತ (ಮನುಷ್ಯರೇ ಹೌದಾ ಎಂದು ನೋಡುವ ಒಗಟು) ಮೊದಲು ಬಲೆ ಹಾಕಿ ನೋಡಿ. ಫಾರ್ಮ್‌ನಲ್ಲಿ ಮನುಷ್ಯರಿಗೆ ಕಾಣದ ಒಂದು ಖಾಲಿ ಜಾಗ ಇಡುವುದು. ಬಾಟ್ ಎಲ್ಲ ಜಾಗಗಳನ್ನೂ ತುಂಬುವಾಗ ಅದನ್ನೂ ತುಂಬಿ ಸಿಕ್ಕಿಬೀಳುತ್ತದೆ. ಪುಟ ತೆರೆದ ಎರಡೇ ಸೆಕೆಂಡಿನಲ್ಲಿ ಫಾರ್ಮ್ ಬಂದರೂ ಅನುಮಾನಪಡಬೇಕು, ಯಾವ ಮನುಷ್ಯನೂ ಅಷ್ಟು ಬೇಗ ಟೈಪ್ ಮಾಡುವುದಿಲ್ಲ. ಒಂದು ಎಚ್ಚರಿಕೆ: ಬ್ರೌಸರ್‌ಗಳ ಆಟೋಫಿಲ್ ಆ ಬಲೆಯ ಜಾಗವನ್ನೂ ಕೆಲವೊಮ್ಮೆ ತುಂಬಿಬಿಡುತ್ತದೆ, ಸ್ಕ್ರೀನ್ ರೀಡರ್ ಬಳಸುವವರೂ ತಿಳಿಯದೆ ತುಂಬಬಹುದು. ಆದ್ದರಿಂದ ಬಲೆಗೆ ಬಿದ್ದದ್ದನ್ನು ಅಳಿಸಬೇಡಿ. ಬೇರೆ ಫೋಲ್ಡರ್‌ಗೆ ಹಾಕಿ, ವಾರಕ್ಕೊಮ್ಮೆ ಕಣ್ಣಾಡಿಸಿ.

ಇಲ್ಲಿ ನನ್ನದೇ ಒಂದು ಎಡವಟ್ಟು ಹೇಳಬೇಕು. ಒಮ್ಮೆ ನಾನು ಮಾಡಿಕೊಟ್ಟ ಫಾರ್ಮ್‌ನಲ್ಲಿ, ಮೇಲ್ ಕಳುಹಿಸಿದವರು ಯಾರು ಎಂಬ ಜಾಗದಲ್ಲಿ ಫಾರ್ಮ್ ತುಂಬಿದವರ ವಿಳಾಸವನ್ನೇ ಹಾಕಿದ್ದೆ. ಉತ್ತರಿಸುವುದು ಸುಲಭ ಆಗಲಿ ಅಂತ. ಆದರೆ ಮೇಲ್ ಹೊರಡುತ್ತಿದ್ದುದು ನಮ್ಮ ಸರ್ವರ್‌ನಿಂದ. ತಮ್ಮ ಡೊಮೇನ್ (ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ಹೆಸರಿನಲ್ಲಿ ಯಾವ ಸರ್ವರ್ ಮೇಲ್ ಕಳುಹಿಸಬಹುದು ಎಂದು ಡೊಮೇನ್ ಮಾಲೀಕರು ಎಸ್‌ಪಿಎಫ್ ಎಂಬ ದಾಖಲೆಯಲ್ಲಿ ಬರೆದಿಟ್ಟಿರುತ್ತಾರೆ, ಪರೀಕ್ಷೆಯಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕು ಎಂದು ಡಿಮಾರ್ಕ್ ಎಂಬ ದಾಖಲೆಯಲ್ಲಿ. ನಮ್ಮ ಸರ್ವರ್ ಫಾರ್ಮ್ ತುಂಬಿದವರ ಡೊಮೇನಿನ ಪಟ್ಟಿಯಲ್ಲಿ ಇರಲಿಲ್ಲ. ನಾವೇ ನಕಲಿ ಕಳುಹಿಸುವವರ ಹಾಗೆ ಕಂಡೆವು. ಮೇಲ್‌ಗಳು ಸದ್ದಿಲ್ಲದೆ ಸಾಯುತ್ತಿದ್ದವು. ಫಾರ್ಮ್ ಮಾತ್ರ 'ಧನ್ಯವಾದ, ನಿಮ್ಮ ಸಂದೇಶ ತಲುಪಿದೆ' ಎಂದು ನಗುತ್ತಿತ್ತು. ಒಬ್ಬರು ಫೋನ್ ಮಾಡಿ 'ಎಷ್ಟು ಸಲ ಬರೆದರೂ ಉತ್ತರ ಕೊಡಲ್ವಲ್ಲಾ' ಅಂತ ಬೈದಾಗಲೇ ಗೊತ್ತಾಗಿದ್ದು. ಸರಿಯಾದ ಕ್ರಮ ಹೀಗೆ: ಕಳುಹಿಸುವವರ ಜಾಗದಲ್ಲಿ ನಿಮ್ಮದೇ ಡೊಮೇನಿನ ವಿಳಾಸ, 'ರಿಪ್ಲೈ ಟು' ಜಾಗದಲ್ಲಿ ಬರೆದವರ ವಿಳಾಸ. ಜೊತೆಗೆ ಪ್ರತಿ ಸಂದೇಶದ ಒಂದು ಪ್ರತಿ ಸರ್ವರ್‌ನಲ್ಲೂ ಉಳಿಯುವಂತೆ ಮಾಡಿ.

ಫಾರ್ಮ್ ಒಂದೇ ಇಟ್ಟು ವಿಳಾಸ ಪೂರ್ತಿ ತೆಗೆಯುವುದನ್ನೂ ನಾನು ಒಪ್ಪುವುದಿಲ್ಲ. ಫಾರ್ಮ್ ತುಂಬಿದವರ ಹತ್ತಿರ ಪ್ರತಿ ಉಳಿಯುವುದಿಲ್ಲ, ಕಡತ ಸೇರಿಸಲು ಎಷ್ಟೋ ಫಾರ್ಮ್‌ಗಳಲ್ಲಿ ಆಗುವುದಿಲ್ಲ, ಫಾರ್ಮ್ ಕೆಟ್ಟರೆ ಬೇರೆ ದಾರಿ ಇರುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇಷ್ಟು ಹೊತ್ತೂ ನಾವು ಕೇಳಿಕೊಂಡದ್ದು 'ವಿಳಾಸವನ್ನು ಹೇಗೆ ಬಚ್ಚಿಡುವುದು' ಎಂದು. ಎಲ್ಲರೂ ನೋಡಲಿ ಎಂದು ಹಾಕಿದ್ದನ್ನು ಬಚ್ಚಿಡಲು ಎಷ್ಟು ದಿನ ಆಗುತ್ತದೆ? ನಾನು ಕೇಳುವುದು ಬೇರೆ ಪ್ರಶ್ನೆ. ಈ ವಿಳಾಸ ಕೆಟ್ಟುಹೋದರೆ ನಾಳೆ ಬೆಳಿಗ್ಗೆ ಬದಲಾಯಿಸಲು ಆಗುತ್ತದಾ? ನಿಮ್ಮ ಪುಟದಲ್ಲಿ ಆರು ಜನರ ಸ್ವಂತ ವಿಳಾಸಗಳಿವೆ. ಅವನ್ನು ಬದಲಾಯಿಸುವುದು ಎಂದರೆ ಬ್ಯಾಂಕು, ಸಹೋದ್ಯೋಗಿಗಳು, ಹಳೆಯ ಪರಿಚಯಸ್ಥರು ಎಲ್ಲರಿಗೂ ಹೇಳಬೇಕು. ತಪ್ಪು ಆಗಿರುವುದು ಅಲ್ಲಿ.

ಪುಟದಲ್ಲಿ ಸ್ವಂತ ವಿಳಾಸ ಬೇಡ. ಅಲಿಯಾಸ್ ಹಾಕಿ. ಅಲಿಯಾಸ್‌ಗೆ ತನ್ನದೇ ಅಂಚೆಪೆಟ್ಟಿಗೆ ಇರುವುದಿಲ್ಲ, ಬಂದದ್ದನ್ನು ನಿಮ್ಮ ನಿಜವಾದ ಪೆಟ್ಟಿಗೆಗೆ ದಾಟಿಸುತ್ತದೆ ಅಷ್ಟೆ. ನಿಮ್ಮದೇ ಡೊಮೇನ್ ಇರುವುದರಿಂದ ಮೇಲ್ ಸೇವೆಯ ಸೆಟ್ಟಿಂಗ್‌ನಲ್ಲಿ ಎರಡು ನಿಮಿಷದ ಕೆಲಸ. ಹೆಸರಿನ ಕೊನೆಗೆ ವರ್ಷದ ಎರಡು ಅಂಕಿ ಸೇರಿಸುವುದು ನನ್ನ ಅಭ್ಯಾಸ. ಸ್ಪ್ಯಾಮ್ ಜಾಸ್ತಿಯಾದಾಗ ಅಥವಾ ವರ್ಷ ಕಳೆದಾಗ ಹೊಸದು ಹಾಕಿ. ಹಳೆಯದನ್ನು ಆರು ತಿಂಗಳು ಉಳಿಸಿ, ಆಮೇಲೆ ಮುಚ್ಚಿ. ಈ ವ್ಯವಸ್ಥೆ ಇದ್ದರೆ ವಿಳಾಸವನ್ನು ಮರೆಮಾಡದೆ ಬರೆದರೂ ಭಯ ಇಲ್ಲ. ಒತ್ತಿದರೆ ಮೇಲ್ ತೆರೆಯುವ ಲಿಂಕನ್ನೇ ಕೊಡಬಹುದು.

ಪುಟಕ್ಕೊಂದು ಅಲಿಯಾಸ್ ಇಟ್ಟರೆ ಇನ್ನೊಂದು ಲಾಭ ಇದೆ. 2004ರಲ್ಲಿ ಶುರುವಾದ ಪ್ರಾಜೆಕ್ಟ್ ಹನಿ ಪಾಟ್ ಎಂಬ ಯೋಜನೆ ಇದೇ ಉಪಾಯದಿಂದ ಕಳ್ಳರನ್ನು ಹಿಡಿಯಿತು. ಪುಟಕ್ಕೆ ಬಂದ ಪ್ರತಿಯೊಬ್ಬರಿಗೂ ಒಂದೊಂದು ಬೇರೆ ವಿಳಾಸ ತೋರಿಸುವುದು, ಬಂದವರ ಐಪಿ (ಇಂಟರ್ನೆಟ್‌ನಲ್ಲಿ ಅವರನ್ನು ಗುರುತಿಸುವ ಸಂಖ್ಯೆ) ಮತ್ತು ಸಮಯ ಬರೆದಿಟ್ಟುಕೊಳ್ಳುವುದು. ಮುಂದೆ ಆ ವಿಳಾಸಕ್ಕೆ ಸ್ಪ್ಯಾಮ್ ಬಂದರೆ ಅದನ್ನು ಕದ್ದದ್ದು ಯಾವ ಐಪಿಯಿಂದ ಎಂದು ಖಚಿತ. (ಅದನ್ನು ಕಟ್ಟಿದ ಮ್ಯಾಥ್ಯೂ ಪ್ರಿನ್ಸ್ ಮತ್ತು ಲೀ ಹಾಲೊವೇ ಆಮೇಲೆ ಕ್ಲೌಡ್‌ಫ್ಲೇರ್ ಕಟ್ಟಿದವರಲ್ಲಿ ಸೇರಿದ್ದಾರೆ.) ನೀವು ಅಷ್ಟು ದೂರ ಹೋಗಬೇಕಿಲ್ಲ. ಸಂಪರ್ಕ ಪುಟಕ್ಕೆ ಒಂದು, ಪಿಡಿಎಫ್ ಕರಪತ್ರಕ್ಕೆ ಒಂದು, ಹೊರಗಿನ ಸೇವೆಗಳಿಗೆ ಒಂದು ಕೊಟ್ಟರೆ ಎಲ್ಲಿಂದ ಸೋರಿತು ಎಂದು ಗೊತ್ತಾಗುತ್ತದೆ. ಅದಕ್ಕೆ ಪ್ಲಸ್ ಚಿಹ್ನೆಯ ಉಪಾಯ, ಅಂದರೆ ವಿಳಾಸದ ನಡುವೆ + ಹಾಕಿ ಒಂದು ಪದ ಸೇರಿಸುವುದು, ಅಷ್ಟು ಒಳ್ಳೆಯದಲ್ಲ. ಆ ತುಂಡನ್ನು ಕತ್ತರಿಸಿದರೆ ನಿಜವಾದ ವಿಳಾಸ ಕೈಗೆ ಸಿಗುತ್ತದೆ.

ಅಲಿಯಾಸ್‌ಗೆ 'ಇನ್ಫೋ', 'ಕಾಂಟ್ಯಾಕ್ಟ್', 'ಸೇಲ್ಸ್', 'ಅಡ್ಮಿನ್' ಎಂದು ಹೆಸರಿಡಬೇಡಿ. ಇವನ್ನು ಯಾರೂ ಕದಿಯಬೇಕಿಲ್ಲ, ಊಹಿಸಿದರೆ ಸಾಕು. ಇಂಥ ಹೆಸರುಗಳ ಪಟ್ಟಿ 1997ರಿಂದ ಒಂದು ಅಂತರ್ಜಾಲ ಮಾನದಂಡದಲ್ಲೇ ಇದೆ. 'ಪೋಸ್ಟ್‌ಮಾಸ್ಟರ್' ಒಂದನ್ನು ನಿಯಮದ ಪ್ರಕಾರ ಇಟ್ಟುಕೊಳ್ಳಬೇಕು, ಉಳಿದವು ನಿಮ್ಮಿಷ್ಟ. ಡೊಮೇನಿಗೆ ಯಾವ ಹೆಸರಿನಲ್ಲಿ ಬಂದರೂ ಸ್ವೀಕರಿಸುವ 'ಕ್ಯಾಚ್ ಆಲ್' ಚಾಲೂ ಇದ್ದರೆ ಇವತ್ತೇ ಆರಿಸಿ. ಊಹೆಯಿಂದ ಕಳುಹಿಸಿದ್ದೆಲ್ಲ ಆ ಬಾಗಿಲಿನಿಂದ ಒಳಗೆ ಬರುತ್ತದೆ.

ಸಂಪರ್ಕ ಪುಟ ಸರಿ ಮಾಡಿದರೂ ವಿಳಾಸ ಬೇರೆ ಮೂಲೆಗಳಲ್ಲಿ ಕೂತಿರುತ್ತದೆ. ಪಿಡಿಎಫ್‌ಗಳಲ್ಲಿ, ಹೊಸ ಬರಹಗಳ ಪಟ್ಟಿ ಕೊಡುವ ಆರ್‌ಎಸ್‌ಎಸ್ ಫೀಡಿನ ಲೇಖಕರ ಜಾಗದಲ್ಲಿ, ಸರ್ಚ್ ಎಂಜಿನ್‌ಗಳಿಗಾಗಿ ಪುಟದೊಳಗೆ ಬರೆದ ಮಾಹಿತಿಯಲ್ಲಿ, ಕೋಡ್ ಹಂಚಿಕೊಂಡಿದ್ದರೆ ಗಿಟ್‌ನ ಪ್ರತಿ ಕಮಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯ ದಾಖಲೆ). ಹೆಚ್ಚಿನವರಿಗೆ ಗೊತ್ತಿಲ್ಲದ ಜಾಗ ಇನ್ನೊಂದಿದೆ. ಡೊಮೇನಿನ ಡಿಎನ್‌ಎಸ್‌ನಲ್ಲಿ (ಆ ಹೆಸರಿಗೆ ಯಾವ ಸರ್ವರ್ ಎಂದು ಹೇಳುವ ವ್ಯವಸ್ಥೆ) ಎಸ್‌ಒಎ ಎಂಬ ದಾಖಲೆ ಇರುತ್ತದೆ. ಅದರಲ್ಲಿ ನಿರ್ವಾಹಕರ ಇಮೇಲ್ ಇರುತ್ತದೆ, @ ಜಾಗದಲ್ಲಿ ಚುಕ್ಕೆ ಹಾಕಿ ಬರೆದಿರುತ್ತಾರೆ. ನೋಡಿದರೆ ಡೊಮೇನ್ ಹೆಸರಿನ ಹಾಗೇ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಈಗ ನಿಮ್ಮ ಆರು ಹಳೆಯ ವಿಳಾಸಗಳು. ಅವನ್ನು ಪುಟದಿಂದ ತೆಗೆಯಿರಿ. ಇಷ್ಟು ದಿನದ ಸ್ಪ್ಯಾಮ್ ನಿಲ್ಲುವುದಿಲ್ಲ, ಆದರೆ ಹೊಸ ಪಟ್ಟಿಗಳಿಗೆ ಸೇರುವುದು ಕಡಿಮೆಯಾಗುತ್ತದೆ. ಉಳಿದದ್ದು ಫಿಲ್ಟರ್ ಕೆಲಸ. ಸ್ಪ್ಯಾಮ್ ಬಂದಾಗ ಸುಮ್ನೆ ಅಳಿಸದೆ 'ಸ್ಪ್ಯಾಮ್' ಎಂದೇ ಗುರುತು ಮಾಡಿ, ಫಿಲ್ಟರ್ ಕಲಿಯುವುದು ಅದರಿಂದಲೇ. ಮೇಲ್‌ನಲ್ಲಿ ಚಿತ್ರಗಳು ತಾನಾಗಿ ತೆರೆಯದಂತೆ ಮಾಡಿ. ಒಂದು ಚುಕ್ಕೆಯಷ್ಟು ಚಿತ್ರ ಸಾಕು, ಈ ವಿಳಾಸದಲ್ಲಿ ಯಾರೋ ಇದ್ದಾರೆ ಎಂದು ಅವರಿಗೆ ತಿಳಿಯಲು. ಗೊತ್ತಿಲ್ಲದವರ ಮೇಲ್‌ನಲ್ಲಿ 'ಅನ್‌ಸಬ್‌ಸ್ಕ್ರೈಬ್' ಒತ್ತಿದರೂ ಅದೇ ಕಥೆ.

ಆರರಲ್ಲಿ ಒಂದೆರಡು ತೀರಾ ಹಾಳಾಗಿದ್ದರೆ ಮುಚ್ಚಿಬಿಡಿ. ಆದರೆ 'ನನ್ನ ವಿಳಾಸ ಬದಲಾಗಿದೆ' ಎಂಬ ಆಟೋರಿಪ್ಲೈ ಹಾಕಬೇಡಿ. ಸ್ಪ್ಯಾಮ್‌ನಲ್ಲಿ ಕಳುಹಿಸಿದವರ ವಿಳಾಸ ಸಾಮಾನ್ಯವಾಗಿ ನಕಲಿ. ನಿಮ್ಮ ಉತ್ತರ ಯಾರೋ ಸಂಬಂಧವಿಲ್ಲದವರ ಪೆಟ್ಟಿಗೆಗೆ ಹೋಗಿ ಅವರಿಗೆ ಸ್ಪ್ಯಾಮ್ ಆಗುತ್ತದೆ. ಅದರ ಬದಲು ಮೇಲ್ ಸರ್ವರ್ ಬಾಗಿಲಲ್ಲೇ ತಿರಸ್ಕರಿಸುವಂತೆ ಮಾಡಿ. ತಿರಸ್ಕಾರದ ಜೊತೆ 'ಹೊಸ ವಿಳಾಸಕ್ಕೆ ನಮ್ಮ ವೆಬ್‌ಸೈಟ್ ನೋಡಿ' ಎಂದು ಒಂದು ಸಾಲು ಸೇರಿಸಲು ಬರುತ್ತದೆ. ನಿಜವಾದ ಪರಿಚಯಸ್ಥರಿಗೆ ಅವರ ಸರ್ವರ್‌ನಿಂದಲೇ ಆ ಸಾಲು ತಲುಪುತ್ತದೆ.

ನಿಮ್ಮದೇ ವಿಳಾಸದಿಂದ ಹೋದಂತೆ ಕಾಣುವ ಸ್ಪ್ಯಾಮ್ ಬಗ್ಗೆ ಯಾರಾದರೂ ದೂರು ಕೊಟ್ಟರೆ ಗಾಬರಿ ಬೇಡ, ಖಾತೆ ಹ್ಯಾಕ್ ಆಗಿರಲೇಬೇಕು ಎಂದಿಲ್ಲ. ಕದ್ದ ವಿಳಾಸಗಳನ್ನು ಕಳುಹಿಸಿದವರ ಜಾಗದಲ್ಲೂ ಹಾಕುತ್ತಾರೆ. ಪಾಸ್‌ವರ್ಡ್ ಒಮ್ಮೆ ಬದಲಾಯಿಸಿ. ಮೇಲೆ ಹೇಳಿದ ಎಸ್‌ಪಿಎಫ್, ಡಿಮಾರ್ಕ್ ದಾಖಲೆಗಳನ್ನು, ಜೊತೆಗೆ ಮೇಲ್ ನಿಮ್ಮ ಡೊಮೇನಿನದೇ ಎಂದು ತೋರಿಸುವ ಡಿಕಿಮ್ ಸಹಿಯನ್ನು ನಿಮ್ಮ ಡೊಮೇನಿಗೂ ಹಾಕಿಸಿ.

ಎಲ್ಲ ಮುಗಿದ ಮೇಲೆ ಪುಟದ 'ಸೋರ್ಸ್' ತೆರೆದು @ ಹುಡುಕಿ. ಕಾಣಬೇಕಾದ ಅಲಿಯಾಸ್ ಬಿಟ್ಟು ಬೇರೆ ಯಾವ ಇಮೇಲ್ ವಿಳಾಸವೂ ಸಿಗಬಾರದು. ಆಮೇಲೆ ಬೇರೆಯವರ ಫೋನಿನಿಂದ ಆ ವಿಳಾಸಕ್ಕೊಂದು ಮೇಲ್, ಫಾರ್ಮ್‌ನಿಂದ ಒಂದು ಸಂದೇಶ ಕಳುಹಿಸಿ ನೋಡಿ. ನಾನು ಬೈಸಿಕೊಂಡ ಮೇಲೆ ಇದನ್ನು ಪ್ರತಿ ತಿಂಗಳ ಮೊದಲ ದಿನ ಮಾಡುತ್ತೇನೆ.